ಹಳೆಯ ಮನುಷ್ಯನನ್ನು ಕಳಚಿಟ್ಟ ಕೂಲಿಕಾರ: ಡಬ್ಲಿನ್ನಿನ ಮ್ಯಾಟ್ ಟಾಲ್ಬಟ್

ರೋಮನರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಸಂತ ಪೌಲರು ಮಾನವನ ಒಳಗಿನ ಇಬ್ಬಂದಿತನವನ್ನು ಯಾವ ಮುಚ್ಚುಮರೆಯೂ ಇಲ್ಲದೆ ತೋಡಿಕೊಂಡಿದ್ದಾರೆ. ಒಳಿತನ್ನು ಮಾಡಬೇಕೆಂಬ ಮನಸ್ಸು ಇದೆ. ಆದರೆ ಕೈ ಮಾಡುವುದು ಕೆಡುಕನ್ನೇ. ಇದಕ್ಕೆ ಹಿಂದಿನ ಅಧ್ಯಾಯದಲ್ಲಿಯೇ ಅದೇ ಪೌಲರು, ದೀಕ್ಷಾಸ್ನಾನ ಪಡೆದವರ ಹಳೆಯ ಮನುಷ್ಯನು ಕ್ರಿಸ್ತರೊಡನೆ ಶಿಲುಬೆಗೇರಿ ಸತ್ತನೆಂದೂ ಅವರು ಇನ್ನು ಪಾಪದ ಗುಲಾಮರಲ್ಲವೆಂದೂ ಸಾರಿದ್ದಾರೆ. ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿದ ಸಾಮಾನ್ಯ ಕ್ರೈಸ್ತನಿಗೆ ಒಂದು ಸಂದೇಹ ಏಳುವುದು ಸಹಜ. ಹಳೆಯ ಮನುಷ್ಯ ಸತ್ತದ್ದು ನಿಜವಾದರೆ, ಸಂಬಳದ ದಿನದ ಸಂಜೆ ಮದ್ಯದಂಗಡಿಯ ಬಾಗಿಲಲ್ಲಿ ನಿಂತಿರುವವನು ಯಾರು? ಪಾಪನಿವೇದನೆ ಮಾಡಿ ಎದ್ದುಬಂದ ಮೂರನೆಯ ದಿನಕ್ಕೇ ಹೆಂಡತಿಯ ಮೇಲೆ ಕೈಯೆತ್ತುವವನು ಯಾರು? ಅನೇಕ ಮನೆಗಳಲ್ಲಿ ಕಣ್ಣೀರಿನೊಡನೆ ಕೇಳಲಾಗುವ ಈ ಪ್ರಶ್ನೆಗೆ ದೈವಶಾಸ್ತ್ರದ ಗ್ರಂಥಗಳಲ್ಲಿ ಉತ್ತರವಿದೆ. ಆದರೆ ನಾವು ಇಂದು ಅದನ್ನು ಗ್ರಂಥಗಳಲ್ಲಿ ಹುಡುಕದೆ, ಅಕ್ಷರವನ್ನು ಅಷ್ಟಾಗಿ ಕಲಿಯದಿದ್ದ ಒಬ್ಬ ಕೂಲಿಕಾರನ ಬಾಳಿನಲ್ಲಿ ಹುಡುಕಲು ಬಯಸುತ್ತೇವೆ.

ಮ್ಯಾಥ್ಯೂ ಟಾಲ್ಬಟ್ ಜನಿಸಿದ್ದು 1856ರ ಮೇ 2ರಂದು, ಐರ್ಲೆಂಡಿನ ಡಬ್ಲಿನ್ ನಗರದ ಉತ್ತರ ಭಾಗದ ಬಡಕೇರಿಯಲ್ಲಿ. ಎಲ್ಲರೂ ಅವರನ್ನು ಕರೆಯುತ್ತಿದ್ದುದು ಮ್ಯಾಟ್ ಎಂದು. ತಂದೆ ಚಾರ್ಲ್ಸ್, ತಾಯಿ ಎಲಿಜಬೆತ್. ಹನ್ನೆರಡು ಮಕ್ಕಳಲ್ಲಿ ಮ್ಯಾಟ್ ಎರಡನೆಯವನು. ಲಕ್ಷಾಂತರ ಜನರನ್ನು ನುಂಗಿದ ಐರ್ಲೆಂಡಿನ ಮಹಾಕ್ಷಾಮ ಮುಗಿದು ಆಗಿನ್ನೂ ನಾಲ್ಕು ವರ್ಷ ಕಳೆದಿತ್ತಷ್ಟೆ. ಹಳ್ಳಿಗಳಿಂದ ಹೊಟ್ಟೆಪಾಡಿಗಾಗಿ ಬಂದವರಿಂದ ಡಬ್ಲಿನ್ನಿನ ಕೇರಿಗಳು ಕಿಕ್ಕಿರಿದು ತುಂಬಿದ್ದವು. ಒಂದು ಕಾಲದಲ್ಲಿ ಸಿರಿವಂತರು ಬಾಳಿದ ದೊಡ್ಡ ಮನೆಗಳು ಕೋಣೆಗೊಂದು ಸಂಸಾರದಂತೆ ಹಂಚಿಹೋಗಿದ್ದವು. ಬಹಳ ವರ್ಷಗಳ ನಂತರ, 1913ರಲ್ಲಿ ನಡೆದ ವಿಚಾರಣೆಯಲ್ಲಿ ಕೂಡ ಆ ನಗರದ ಸುಮಾರು 20,000 ಕುಟುಂಬಗಳು ಒಂದೇ ಕೋಣೆಯಲ್ಲಿ ದಿನದೂಡುತ್ತಿವೆಯೆಂದು ಕಂಡುಬಂದಿತು. ಇಂಥ ಕೋಣೆಗಳಿಗೆ ಮರಳಲು ಮನಸ್ಸಿಲ್ಲದ ಗಂಡಸರಿಗೆ ಬೀದಿಯ ಮೂಲೆಯ ಮದ್ಯದಂಗಡಿಯೇ ಚಾವಡಿಯಾಗಿತ್ತು. ತಂದೆ ಚಾರ್ಲ್ಸ್ ಕೂಡ ಕುಡಿಯುತ್ತಿದ್ದರು. ಹಿರಿಯ ಮಗನೊಬ್ಬನನ್ನು ಬಿಟ್ಟರೆ ಗಂಡುಮಕ್ಕಳೆಲ್ಲರೂ ಅದೇ ಹಾದಿ ಹಿಡಿದರು. ಮನೆಯ ಭಾರವೆಲ್ಲ ತಾಯಿಯ ಹೆಗಲಿಗೆ ಬಿತ್ತು. ಬಾಡಿಗೆ ಕೊಡಲಾಗದೆ ಆ ಕುಟುಂಬ ಮತ್ತೆ ಮತ್ತೆ ಮನೆ ಬದಲಾಯಿಸುತ್ತಿತ್ತು.

ಹುಟ್ಟಿದ ಮೂರು ದಿನಕ್ಕೆ, ಅಂದರೆ ಮೇ 5ರಂದು, ಈ ಮಗುವನ್ನು ಡಬ್ಲಿನ್ನಿನ ಸಂತ ಮರಿಯಮ್ಮನವರ ಪ್ರೊ-ಕೆಥೆಡ್ರಲ್ ದೇವಾಲಯಕ್ಕೆ ಎತ್ತಿಕೊಂಡು ಹೋಗಿ ದೀಕ್ಷಾಸ್ನಾನ ಕೊಡಿಸಿದರು. ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಈ ಸಂಗತಿಯನ್ನು ಒಂದು ಸಾಲಿನಲ್ಲಿ ದಾಖಲಿಸಿ ಮುಂದೆ ಹೋಗುತ್ತಾರೆ. ನಮಗಾದರೋ ಮ್ಯಾಟ್ ಅವರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ದಿನ ಮತ್ತೊಂದಿಲ್ಲವೆಂದು ತೋರುತ್ತದೆ. ಇಪ್ಪತ್ತೆಂಟು ವರ್ಷಗಳ ಮೇಲೆ ಅವರು ಹಿಂದಿರುಗಿ ಹೋದದ್ದು ಆ ದಿನ ತಮಗೆ ದೊರೆತಿದ್ದ ಹೆಸರಿನ ಬಳಿಗೆ.

ಬಾಲಕ ಮ್ಯಾಟ್ ಕ್ರಿಶ್ಚಿಯನ್ ಬ್ರದರ್ಸ್ ಸಭೆಯ ಸಹೋದರರು ನಡೆಸುತ್ತಿದ್ದ ಶಾಲೆಗೆ ಹೋದದ್ದು ಸ್ವಲ್ಪ ಕಾಲ ಮಾತ್ರ. ಅದರಲ್ಲೂ ತಪ್ಪಿಸಿಕೊಂಡ ದಿನಗಳೇ ಹೆಚ್ಚು. ಹನ್ನೆರಡನೆಯ ವಯಸ್ಸಿಗೆ ಬಡತನ ಅವನನ್ನು ಕೆಲಸಕ್ಕೆ ದೂಡಿತು. ದುರದೃಷ್ಟವೆಂದರೆ ಸಿಕ್ಕಿದ ಕೆಲಸ ಮದ್ಯವನ್ನು ಬಾಟಲಿಗೆ ತುಂಬುವ ವ್ಯಾಪಾರಿಗಳಲ್ಲಿ. ಅಲ್ಲಿ ಬಾಟಲಿಗಳ ತಳದಲ್ಲಿ ಉಳಿದದ್ದನ್ನು ರುಚಿ ನೋಡುವುದು ಹುಡುಗರ ಆಟವಾಗಿತ್ತು. ವರ್ಷ ಕಳೆಯುವುದರೊಳಗೆ ಅವನು ಅಮಲಿನಲ್ಲಿ ಮನೆಗೆ ಬರತೊಡಗಿದ. ತಂದೆ ಹೊಡೆದು ಬುದ್ಧಿಹೇಳಿದರು. ಅಲ್ಲಿಂದ ಬಿಡಿಸಿ ತಮ್ಮ ಕಣ್ಣೆದುರಿಗೇ ಇರಲೆಂದು ತಾವು ಕೆಲಸಮಾಡುತ್ತಿದ್ದ ಬಂದರು ಮಂಡಳಿಗೆ ಸೇರಿಸಿದರು. ಅಲ್ಲಿನ ಗೋದಾಮುಗಳಲ್ಲಿ ಇದ್ದುದು ವಿಸ್ಕಿ! ಬೀರಿನಿಂದ ವಿಸ್ಕಿಗೆ ಬಡ್ತಿ ದೊರೆಯಿತೆನ್ನಬೇಕು. ಕೆಲವು ಕಾಲದ ನಂತರ ಮ್ಯಾಟ್ ಅದನ್ನೂ ಬಿಟ್ಟು ಕಟ್ಟಡದ ಕೆಲಸಕ್ಕೆ ಸೇರಿ, ಗಾರೆಯವರಿಗೆ ಇಟ್ಟಿಗೆ ಹೊತ್ತುಕೊಡುವ ಕೈಯಾಳಾದರು. ಹದಿನಾರು ವರ್ಷ ತುಂಬುವುದರೊಳಗೆ ಕುಡಿತ ಅವರ ದಿನಚರಿಯಾಗಿತ್ತು.

ಮುಂದಿನ ಹನ್ನೆರಡು ವರ್ಷಗಳ ಕಥೆಯನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಅದು ಎಲ್ಲ ಕೇರಿಗಳಲ್ಲೂ ಒಂದೇ ಬಗೆಯದು. ಮ್ಯಾಟ್ ಗಟ್ಟಿ ಆಳು, ಮೈಮುರಿದು ದುಡಿಯುತ್ತಿದ್ದರು. ಶನಿವಾರ ಕೈಗೆ ಬಂದ ಕೂಲಿಯನ್ನು ನೇರವಾಗಿ ಮದ್ಯದಂಗಡಿಯಲ್ಲಿ ಕೊಟ್ಟು, ಅದು ಕರಗುವವರೆಗೆ ತಾವೂ ಕುಡಿದು ಜೊತೆಗಾರರಿಗೂ ಕುಡಿಸುತ್ತಿದ್ದರು. ವಾರದ ನಡುವೆಯೇ ಹಣ ಮುಗಿದರೆ ಸಾಲ. ಸಾಲ ಹುಟ್ಟದಿದ್ದರೆ ಕಾಲಿನ ಬೂಟುಗಳನ್ನೇ ಅಡವಿಟ್ಟು ಬರಿಗಾಲಿನಲ್ಲಿ ಮನೆಗೆ ಬಂದದ್ದೂ ಉಂಟು. ಭಾನುವಾರದ ಪೂಜೆಗೆ ಹೋಗುತ್ತಿದ್ದರಾದರೂ ವರ್ಷಗಟ್ಟಲೆ ಪರಮಪ್ರಸಾದದ ಬಳಿ ಸುಳಿದಿರಲಿಲ್ಲ. ಈ ವರ್ಷಗಳ ಒಂದು ಘಟನೆಯನ್ನು ಮಾತ್ರ ಇಲ್ಲಿ ಹೇಳಲೇಬೇಕು. ಬೀದಿಯಲ್ಲಿ ಪಿಟೀಲು ನುಡಿಸಿ ಕಾಸು ಬೇಡುತ್ತಿದ್ದ ಬಡವನೊಬ್ಬ ಇವರ ಗುಂಪಿನೊಡನೆ ಕುಡಿಯಲು ಬರುತ್ತಿದ್ದ. ಒಂದು ದಿನ ಯಾರ ಕೈಯಲ್ಲೂ ಹಣವಿರಲಿಲ್ಲ. ಮ್ಯಾಟ್ ಮತ್ತು ಅವರ ಜೊತೆಗಾರರು ಅವನ ಪಿಟೀಲನ್ನು ಕದ್ದು ಮಾರಿ ಬಂದ ಹಣವನ್ನು ಕುಡಿದು ಮುಗಿಸಿದರು. ಅವನ ಅನ್ನವನ್ನೇ ಕದ್ದಂತಾಯಿತು. ಈ ಪಿಟೀಲು ಮ್ಯಾಟ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1884ರ ಒಂದು ಶನಿವಾರ. ಮ್ಯಾಟ್ ಅವರಿಗೆ ಆಗ ಇಪ್ಪತ್ತೆಂಟು. ಆ ವಾರ ಕೆಲಸಕ್ಕೆ ಹೋಗದಿದ್ದುದರಿಂದ ಕೈಯಲ್ಲಿ ಬಿಡಿಗಾಸೂ ಇರಲಿಲ್ಲ. ಕೂಲಿ ಪಡೆದ ಜೊತೆಗಾರರು ಮಧ್ಯಾಹ್ನ ಇದೇ ದಾರಿಯಲ್ಲಿ ಬರುವರೆಂದು ತಿಳಿದಿದ್ದ ಅವರು, ತಮ್ಮಂದಿರ ಜೊತೆಗೆ, ಓಮೀರಾ ಅವರ ಮದ್ಯದಂಗಡಿಯ ಹೊರಗೆ ಕಾದುನಿಂತರು. ಎಷ್ಟೋ ಶನಿವಾರಗಳಲ್ಲಿ ಇವರ ಹಣದಲ್ಲಿ ಕುಡಿದವರೇ ಅವರೆಲ್ಲ. ಅವರು ಬಂದರು. ಕುಶಲ ವಿಚಾರಿಸಿದರು. ಒಬ್ಬೊಬ್ಬರಾಗಿ ಒಳಗೆ ಹೋದರು. ಯಾರೂ ಒಳಗೆ ಬಾ ಎಂದು ಕರೆಯಲಿಲ್ಲ.

ಮ್ಯಾಟ್ ಅಲ್ಲಿಂದ ಹೊರಟು ಮನೆಗೆ ನಡೆದರು. ಶನಿವಾರ ಮಧ್ಯಾಹ್ನ ಮಗ ಅಮಲಿಲ್ಲದೆ ಮನೆಗೆ ಬಂದದ್ದನ್ನು ಕಂಡು ತಾಯಿ ಬೆರಗಾದರು. ಊಟವಾದ ಮೇಲೆ ಅವರು ಮದ್ಯವರ್ಜನೆಯ ಪ್ರತಿಜ್ಞೆ ಕೈಗೊಳ್ಳಲು ಹೋಗುವುದಾಗಿ ತಾಯಿಗೆ ತಿಳಿಸಿದರು. ಆ ತಾಯಿ ಹರ್ಷದಿಂದ ಕುಣಿಯಲಿಲ್ಲ. ಗಂಡನ ಮಾತುಗಳನ್ನೂ ಮಕ್ಕಳ ಮಾತುಗಳನ್ನೂ ಎಷ್ಟೋ ಸಲ ನಂಬಿ ಕೆಟ್ಟಿದ್ದವರು ಅವರು. ಉಳಿಸಿಕೊಳ್ಳುವ ಮನಸ್ಸಿದ್ದರೆ ಮಾತ್ರ ಪ್ರತಿಜ್ಞೆ ಮಾಡಬೇಕೆಂದು ಎಚ್ಚರಿಸಿ, ಉಳಿಸಿಕೊಳ್ಳುವ ಶಕ್ತಿಯನ್ನು ದೇವರು ಕೊಡಲೆಂದು ಹರಸಿ ಕಳುಹಿಸಿದರು. ಮ್ಯಾಟ್ ಮುಖ ತೊಳೆದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಕ್ಲಾನ್‌ಲಿಫಿನಲ್ಲಿದ್ದ ಹೋಲಿ ಕ್ರಾಸ್ ಗುರುಮಠಕ್ಕೆ ಹೋಗಿ ಯಾಜಕರೊಬ್ಬರಲ್ಲಿ ಪಾಪನಿವೇದನೆ ಮಾಡಿದರು. ಪ್ರತಿಜ್ಞೆಯನ್ನು ಮೂರು ತಿಂಗಳಿಗೆ ಮಾತ್ರ ಕೈಗೊಂಡರು. ಮರುದಿನ ಭಾನುವಾರ ಮುಂಜಾನೆ ಐದು ಗಂಟೆಯ ಪೂಜೆಯಲ್ಲಿ, ಬಹು ವರ್ಷಗಳ ನಂತರ, ಪರಮಪ್ರಸಾದ ಸ್ವೀಕರಿಸಿದರು.

ಇಲ್ಲಿಯವರೆಗಿನದು ಹೆಚ್ಚಿನ ಮನೆಗಳಿಗೆ ಪರಿಚಿತವಾದ ಕಥೆಯೇ. ತಪಸ್ಸು ಕಾಲದಲ್ಲಿ ಪ್ರತಿಜ್ಞೆ ಮಾಡುವವರು ಕಡಿಮೆಯಿಲ್ಲ. ಪಾಸ್ಖ ಹಬ್ಬದ ಮಧ್ಯಾಹ್ನಕ್ಕೇ ಅದು ಮುರಿದು ಬೀಳುವುದನ್ನು ಕಂಡವರೂ ಕಡಿಮೆಯಿಲ್ಲ. ಆದ್ದರಿಂದ ಪ್ರತಿಜ್ಞೆಗಿಂತ ಅದರ ಮಾರನೆಯ ದಿನಗಳನ್ನು ನೋಡುವುದು ಹೆಚ್ಚು ಉಪಯುಕ್ತವೆಂದು ನಮ್ಮ ಭಾವನೆ. ಆ ಮೂರು ತಿಂಗಳುಗಳು ಮ್ಯಾಟ್ ಅವರಿಗೆ ನರಕವಾಗಿದ್ದವು. ಅವಧಿ ಮುಗಿದೊಡನೆ ತಾನು ಮತ್ತೆ ಕುಡಿಯುವೆನೆಂದು ಅವರು ತಾಯಿಯ ಬಳಿ ಹೇಳಿಕೊಂಡದ್ದುಂಟು. ಕೆಲಸ ಬಿಟ್ಟ ಸಂಜೆಗಳನ್ನು ಕಳೆಯುವುದೇ ದೊಡ್ಡ ಸಮಸ್ಯೆಯಾಯಿತು. ಹಳೆಯ ಗೆಳೆಯರ ಬೀದಿಯನ್ನು ತಪ್ಪಿಸಿ ನಗರವಿಡೀ ಸುತ್ತುತ್ತಿದ್ದರು. ಕಾಲು ಸೋತಾಗ ಯಾವುದಾದರೂ ದೇವಾಲಯದೊಳಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಮೊದಮೊದಲು ಅದು ಭಕ್ತಿಗಿಂತ ಹೆಚ್ಚಾಗಿ ಆಶ್ರಯವಾಗಿತ್ತೆಂದರೆ ತಪ್ಪಲ್ಲ. ಒಂದು ಸಂಜೆ ಜೇಬಿನಲ್ಲಿದ್ದ ಹಣ ಅವರನ್ನು ಮದ್ಯದಂಗಡಿಯೊಳಗೆ ಎಳೆಯಿತು. ಗಿರಾಕಿಗಳ ಗದ್ದಲದಲ್ಲಿ ಅಂಗಡಿಯವನು ಇವರತ್ತ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತು ನಿಂತು, ಅಪಮಾನವೆನಿಸಿ ಹೊರಬಂದ ಮ್ಯಾಟ್, ಹತ್ತಿರದಲ್ಲಿದ್ದ ಯೇಸುಸಭೆಯವರ ದೇವಾಲಯಕ್ಕೆ ಹೋಗಿ ಬಾಗಿಲು ಹಾಕುವವರೆಗೆ ಅಲ್ಲಿಯೇ ಉಳಿದರು. ಆ ನಂತರ ಜೇಬಿನಲ್ಲಿ ಹಣವಿಟ್ಟುಕೊಂಡು ಹೊರಗೆ ಹೋಗುವುದಿಲ್ಲವೆಂದು ನಿಶ್ಚಯಿಸಿದರು. ಮೊದಲ ಸಲ ಯಾರೂ ಕರೆಯಲಿಲ್ಲ, ಎರಡನೆಯ ಸಲ ಯಾರೂ ನೋಡಲಿಲ್ಲ. ದೇವರ ಕೃಪೆ ಕೆಲವೊಮ್ಮೆ ಜನರ ಅಲಕ್ಷ್ಯದ ವೇಷದಲ್ಲಿಯೂ ಬರುವುದುಂಟು.

ಅದಕ್ಕಿಂತ ಕಠಿಣವಾದ ಶೋಧನೆ ಬಂದದ್ದು ದೇವಾಲಯದ ಒಳಗೇ. ಒಂದು ಮುಂಜಾನೆ ಪರಮಪ್ರಸಾದ ಸ್ವೀಕರಿಸಲು ಎದ್ದಾಗ, ಇದೆಲ್ಲ ವ್ಯರ್ಥ, ಕುಡಿತವನ್ನು ನೀನು ಬಿಡಲಾರೆ ಎಂಬ ಯೋಚನೆ ಸಿಡಿಲಿನಂತೆ ಎರಗಿತು. ಹೆಜ್ಜೆ ಮುಂದಿಡಲಾಗದೆ ಅವರು ಹೊರನಡೆದರು. ಮತ್ತೊಂದು ದೇವಾಲಯಕ್ಕೆ ಹೋದರು. ಅಲ್ಲಿಯೂ ಹಾಗೆಯೇ ಆಯಿತು. ಹಲವು ಗಂಟೆ ಅಲೆದು ಕೊನೆಗೆ ದೇವಾಲಯದ ಮೆಟ್ಟಿಲುಗಳ ಮೇಲೆಯೇ ಬಿದ್ದು, ಮಾತೆ ಮರಿಯಮ್ಮನವರಿಗೆ ಮೊರೆಯಿಟ್ಟರೆಂದೂ, ಅಲ್ಲಿ ಆ ಕಳವಳ ಅವರನ್ನು ಬಿಟ್ಟುಹೋಯಿತೆಂದೂ ಅವರ ಚರಿತ್ರೆಕಾರರು ಬರೆದಿದ್ದಾರೆ. ಈ ಘಟನೆಯನ್ನು ನಾವು ಒತ್ತಿ ಹೇಳಲು ಕಾರಣವಿದೆ. ಅಂಗಡಿಯಲ್ಲಿ ಬಂದ ಶೋಧನೆ ನಾಲಗೆಯದು. ದೇವಾಲಯದಲ್ಲಿ ಬಂದದ್ದು ಹೆಸರಿನದು. ನೀನು ಕುಡುಕ, ಅದೇ ನಿನ್ನ ನಿಜವಾದ ಹೆಸರು, ಉಳಿದದ್ದೆಲ್ಲ ವೇಷ ಎಂಬುದು ಅದರ ವಾದ. ಹೆಚ್ಚಿನವರು ಸೋಲುವುದು ಈ ಎರಡನೆಯದಕ್ಕೆ. ಒಮ್ಮೆ ಜಾರಿದೊಡನೆ, ನನ್ನ ಹಣೆಬರಹವೇ ಇಷ್ಟು ಎಂದು ಕೈಚೆಲ್ಲುತ್ತಾರೆ. ಮನೆಯವರೂ ಊರವರೂ ಅದೇ ಹೆಸರಿನಿಂದ ಕರೆದು ಅದನ್ನು ಗಟ್ಟಿಮಾಡುತ್ತಾರೆ.

ಧರ್ಮಸಭೆಯ ಬೋಧನೆ ಇದಕ್ಕೆ ವ್ಯತಿರಿಕ್ತ. 1546ರಲ್ಲಿ ಟ್ರೆಂಟ್ ಮಹಾಸಭೆ ಜನ್ಮಪಾಪದ ವಿಷಯವಾಗಿ ತೀರ್ಮಾನ ಹೊರಡಿಸಿದಾಗ ಎರಡು ಮಾತುಗಳನ್ನು ಸ್ಪಷ್ಟಪಡಿಸಿತು. ದೀಕ್ಷಾಸ್ನಾನದಲ್ಲಿ ಪಾಪ ಕೇವಲ ಮುಚ್ಚಿಹೋಗುವುದಿಲ್ಲ, ಬೇರುಸಹಿತ ಅಳಿದುಹೋಗುತ್ತದೆ. ಆ ವ್ಯಕ್ತಿ ನಿಜವಾಗಿಯೂ ದೇವರ ಮಗನಾಗುತ್ತಾನೆ. ಆದರೂ ಪಾಪದತ್ತ ವಾಲುವ ಒಲವು ಅವನಲ್ಲಿ ಉಳಿದಿರುತ್ತದೆ. ಈ ಒಲವೇ ಪಾಪವಲ್ಲ. ಅದು ಹೋರಾಟಕ್ಕಾಗಿ ಉಳಿದಿರುವಂಥದು. ಅದಕ್ಕೆ ಸಮ್ಮತಿಸದೆ ಕ್ರಿಸ್ತರ ಕೃಪೆಯಿಂದ ಎದುರಿಸುವವನಿಗೆ ಅದು ಹಾನಿ ಮಾಡಲಾರದು. ಪೌಲರ ಎರಡು ಅಧ್ಯಾಯಗಳು ಒಂದಾಗುವುದು ಇಲ್ಲಿ. ಮದ್ಯದಂಗಡಿಯ ಬಾಗಿಲಲ್ಲಿ ನಿಂತಿರುವುದು ದೇವರ ಮಗನೇ. ತಾನು ಯಾರೆಂಬುದನ್ನು ಮರೆತು, ಸತ್ತವನ ಬಟ್ಟೆ ತೊಟ್ಟು ನಿಂತಿದ್ದಾನೆ. ಎಫೆಸಿಯರಿಗೆ ಬರೆದ ಪತ್ರದಲ್ಲಿ ಪೌಲರು ಹಳೆಯ ಮನುಷ್ಯನನ್ನು ಕಳಚಿ ಹೊಸ ಮನುಷ್ಯನನ್ನು ಧರಿಸಿಕೊಳ್ಳಬೇಕೆಂದು ಹೇಳುವುದು ಈ ಅರ್ಥದಲ್ಲಿಯೇ. ದೀಕ್ಷಾಸ್ನಾನದಲ್ಲಿ ಮಗುವಿಗೆ ತೊಡಿಸುವ ಬಿಳಿಯ ಉಡುಪನ್ನು ನಾವು ಫೋಟೋ ತೆಗೆಸಿ ಪೆಟ್ಟಿಗೆಯಲ್ಲಿಡುತ್ತೇವೆ. ಅದನ್ನು ದಿನದಿನವೂ ಮತ್ತೆ ಧರಿಸುವ ಕೆಲಸ ಬದುಕಿನುದ್ದಕ್ಕೂ ಇದೆ.

ಮೂರು ತಿಂಗಳು ಮುಗಿದಾಗ ಮ್ಯಾಟ್ ಮತ್ತೆ ಆರು ತಿಂಗಳಿಗೆ ಪ್ರತಿಜ್ಞೆ ಕೈಗೊಂಡರು. ಆ ಮೇಲೆ ಜೀವಮಾನಕ್ಕೆ. ಅಲ್ಲಿಂದ ನಲವತ್ತೊಂದು ವರ್ಷ ಅವರು ಮದ್ಯವನ್ನು ಮುಟ್ಟಲಿಲ್ಲ. ಅಷ್ಟರಿಂದಲೇ ಅವರು ತೃಪ್ತರಾಗಲಿಲ್ಲ ಎಂಬುದು ಗಮನಾರ್ಹ. ಕುಡಿತ ಬಿಟ್ಟ ಅನೇಕರು ಕುಡಿಯದ ಸಿಡುಕರಾಗಿ ಮನೆಯವರನ್ನು ಗೋಳುಹೊಯ್ದುಕೊಳ್ಳುವುದನ್ನು ನಾವು ಕಂಡಿಲ್ಲವೇ? ಮ್ಯಾಟ್ ಅವರು ಆಣೆ, ಬೈಗುಳಗಳನ್ನು ಬಿಡಲೆಂದು ಅಂಗಿಯ ತೋಳಿನಲ್ಲಿ ಎರಡು ಗುಂಡುಸೂಜಿಗಳನ್ನು ಶಿಲುಬೆಯಾಕಾರದಲ್ಲಿ ಸಿಕ್ಕಿಸಿಕೊಂಡರು. ಕಣ್ಣಿಗೆ ಬಿದ್ದಾಗಲೆಲ್ಲ ಅದು ನಾಲಗೆಯನ್ನು ತಡೆಯುತ್ತಿತ್ತು. ಚುಟ್ಟದ ಕೊಳವೆಯನ್ನೂ ಬಿಟ್ಟರು. ಮದ್ಯಕ್ಕಿಂತಲೂ ತಂಬಾಕು ಬಿಡುವುದೇ ಕಷ್ಟವಾಯಿತೆಂದು ಆಪ್ತರಲ್ಲಿ ಹೇಳಿಕೊಂಡಿದ್ದರು. ಹಳೆಯ ಸಾಲಗಳ ನೆನಪು ಮಾಡಿಕೊಂಡು ಒಂದೊಂದು ಅಂಗಡಿಗೂ ಹೋಗಿ ಪೈಸೆಪೈಸೆಯಾಗಿ ತೀರಿಸಿದರು. ಪಾಪನಿವೇದನೆಯಲ್ಲಿ ಕ್ಷಮೆ ದೊರೆತಿದೆ, ಇನ್ನೇಕೆ ಸಾಲದ ಚಿಂತೆ ಎಂದು ಅವರು ಭಾವಿಸಲಿಲ್ಲ. ದೇವರ ಮಗನಾದವನು ಪರರ ಹಣ ಇಟ್ಟುಕೊಳ್ಳಲಾರ.

ಉಳಿದದ್ದು ಪಿಟೀಲಿನ ಸಾಲ. ಆ ಭಿಕ್ಷುಕನನ್ನು ಅವರು ವರ್ಷಗಟ್ಟಲೆ ಡಬ್ಲಿನ್ನಿನ ಬೀದಿಗಳಲ್ಲಿಯೂ ಅನಾಥಾಲಯಗಳಲ್ಲಿಯೂ ಹುಡುಕಿದರು. ಅವನು ಸಿಗಲಿಲ್ಲ. ಕೊನೆಗೆ, ಸತ್ತಿರಬೇಕೆಂದು ಭಾವಿಸಿ, ಪಿಟೀಲಿನ ಬೆಲೆಯನ್ನು ಅವನ ಆತ್ಮಶಾಂತಿಯ ಬಲಿಪೂಜೆಗಳಿಗಾಗಿ ದೇವಾಲಯಕ್ಕೆ ಕೊಟ್ಟರು.

ಅವರ ಮುಂದಿನ ದಿನಚರಿ ಕೇಳಿದರೆ ನಾವು ಬೆಚ್ಚುತ್ತೇವೆ. ಹಲಗೆಯ ಮೇಲೆ, ಮರದ ತುಂಡನ್ನೇ ತಲೆದಿಂಬಾಗಿಸಿಕೊಂಡು ಕೆಲವು ಗಂಟೆಗಳ ನಿದ್ರೆ. ನಡುರಾತ್ರಿ ಕಳೆದ ಮೇಲೆ ಎದ್ದು ಮೊಣಕಾಲೂರಿ ಪ್ರಾರ್ಥನೆ. ಮುಂಜಾನೆ ಗಾರ್ಡಿನರ್ ಬೀದಿಯ ಸಂತ ಫ್ರಾನ್ಸಿಸ್ ಝೇವಿಯರರ ದೇವಾಲಯದಲ್ಲಿ ಬಲಿಪೂಜೆ. ಆ ಮೇಲೆ ಟಿ. ಅಂಡ್ ಸಿ. ಮಾರ್ಟಿನ್ ಅವರ ಮರದ ಡಿಪೋದಲ್ಲಿ ದಿನವಿಡೀ ಹೊರೆ ಹೊರುವ ಕೆಲಸ. ಹೊರೆಗೂ ಹೊರೆಗೂ ನಡುವೆ ಬಿಡುವು ಸಿಕ್ಕರೆ ಮರದ ರಾಶಿಯ ಮರೆಗೆ ಹೋಗಿ ಜಪ. ಊಟ ಹೆಚ್ಚಿನ ದಿನಗಳಲ್ಲಿ ಒಣ ಬ್ರೆಡ್ಡು. 1890ರಲ್ಲಿ ಅವರು ಸಂತ ಫ್ರಾನ್ಸಿಸರ ಮೂರನೆಯ ಸಭೆಗೆ, ಅಂದರೆ ಗೃಹಸ್ಥರಾಗಿದ್ದುಕೊಂಡೇ ಫ್ರಾನ್ಸಿಸರ ಮಾರ್ಗದಲ್ಲಿ ನಡೆಯುವವರ ಸಂಘಕ್ಕೆ, ಸೇರಿದರು. ಸರಿಯಾಗಿ ಓದಲು ಬಾರದಿದ್ದವರು ನಿಧಾನವಾಗಿ ಓದು ಕಲಿತು ಪವಿತ್ರ ಗ್ರಂಥವನ್ನೂ ಸಂತರ ಚರಿತ್ರೆಗಳನ್ನೂ ಓದತೊಡಗಿದರು. ಕ್ಲಾನ್‌ಲಿಫ್ ಗುರುಮಠದ ಪ್ರಾಧ್ಯಾಪಕ ಡಾ. ಮೈಕಲ್ ಹಿಕ್ಕಿಯವರು ಅವರ ಆತ್ಮಗುರುಗಳಾಗಿದ್ದರು. ಸಂತ ಅಗಸ್ಟೀನರ ಆತ್ಮಕಥೆಯನ್ನು ಮ್ಯಾಟ್ ಬಹಳ ಮೆಚ್ಚಿಕೊಂಡಿದ್ದರೆಂದು ತಿಳಿದಾಗ ನಮಗೆ ಆಶ್ಚರ್ಯವೆನಿಸುವುದಿಲ್ಲ.

ಈ ಕಠೋರ ತಪಸ್ಸನ್ನು ಎಲ್ಲರೂ ಅನುಕರಿಸಬೇಕೆಂದು ನಾವು ಹೇಳುವುದಿಲ್ಲ; ಆತ್ಮಗುರುಗಳ ಅಪ್ಪಣೆಯಿಲ್ಲದೆ ಅಂಥದಕ್ಕೆ ಕೈಹಾಕುವುದು ಅವಿವೇಕ. ಸಂಸಾರವಂದಿಗರಿಗಂತೂ ಮಕ್ಕಳ ಹಾಲಿಗೆ ಹಣ ಕೊಡುವುದೇ ದೊಡ್ಡ ತಪಸ್ಸು. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಕುಡಿತದ ಚಟ ಒಂದು ರೋಗವೂ ಹೌದೆಂಬುದನ್ನು ಇಂದು ವೈದ್ಯಶಾಸ್ತ್ರ ಖಚಿತವಾಗಿ ತಿಳಿದಿದೆ. ಬಹುಕಾಲ ಅತಿಯಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ ವೈದ್ಯರ ನೆರವು ಬೇಕಾಗುತ್ತದೆ. ಮ್ಯಾಟ್ ಅವರ ಕಾಲದಲ್ಲಿ ಅಂಥ ನೆರವೂ ಇರಲಿಲ್ಲ. ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗ ಅಮೆರಿಕದಲ್ಲಿ ಆರಂಭವಾದದ್ದು 1935ರಲ್ಲಿ, ಅವರು ತೀರಿಕೊಂಡ ಹತ್ತು ವರ್ಷಗಳ ಮೇಲೆ. ಆದ್ದರಿಂದ, ನೋಡು ಅವರು ಬಿಟ್ಟರು, ನೀನೇಕೆ ಬಿಡಲಾರೆ ಎಂದು ಮನೆಯ ರೋಗಿಯನ್ನು ಹಂಗಿಸಲು ಈ ಚರಿತ್ರೆಯನ್ನು ಬಳಸಿದರೆ ಮ್ಯಾಟ್ ಅವರಿಗೇ ಅನ್ಯಾಯ ಮಾಡಿದಂತೆ. ಅವರು ಯಾರನ್ನೂ ಹಂಗಿಸಿದವರಲ್ಲ.

ಅವರ ಸ್ವಂತ ತಮ್ಮಂದಿರೇ ಬದಲಾಗಲಿಲ್ಲ. ಪ್ರತಿಜ್ಞೆಯ ನಂತರವೂ ಮನೆಯಲ್ಲಿ ಕುಡಿತದ ಗದ್ದಲ ಮುಂದುವರಿದಿತ್ತು. ಮ್ಯಾಟ್ ಕೊನೆಗೆ ಬೇರೆ ಕೋಣೆ ಹಿಡಿದರು. ಇದನ್ನು ಕೆಲವರು ಸ್ವಾರ್ಥವೆನ್ನಬಹುದು. ನಮಗೆ ಅದು ವಿವೇಕವೆಂದೇ ಕಾಣುತ್ತದೆ. ಹೊಸ ಸಸಿಗೆ ಬೇಲಿ ಬೇಕು. 1899ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿಯನ್ನು ತಮ್ಮ ಬಳಿಗೆ ಕರೆತಂದು, ಅಪ್ಪರ್ ರಟ್ಲೆಂಡ್ ಬೀದಿಯ ಕೋಣೆಯಲ್ಲಿ, 1915ರಲ್ಲಿ ಆಕೆ ಕಣ್ಮುಚ್ಚುವವರೆಗೆ ನೋಡಿಕೊಂಡರು. ಮಗ ಸರಿಹೋಗಲೆಂದು ವರ್ಷಗಟ್ಟಲೆ ಜಪಸರ ಹಿಡಿದಿದ್ದ ತಾಯಿ, ರಾತ್ರಿಯಲ್ಲಿ ಎಚ್ಚರವಾದಾಗಲೆಲ್ಲ ಅದೇ ಮಗ ಮೊಣಕಾಲೂರಿರುವುದನ್ನು ಕಾಣುತ್ತಿದ್ದರು.

ಕೂಲಿಯಲ್ಲಿ ತಮಗೆ ಬೇಕಾದ ಅಲ್ಪವನ್ನು ಇಟ್ಟುಕೊಂಡು ಉಳಿದದ್ದನ್ನು ಕಷ್ಟದಲ್ಲಿದ್ದ ಜೊತೆಗಾರರಿಗೂ ಅನಾಥರಿಗೂ ಚೀನಾದೇಶದಲ್ಲಿ ಶುಭಸಂದೇಶ ಸಾರುತ್ತಿದ್ದ ಐರಿಷ್ ಯಾಜಕರಿಗೂ ಕೊಡುತ್ತಿದ್ದರು. ದೇವಭಕ್ತರೆಂದ ಮಾತ್ರಕ್ಕೆ ಅವರು ಲೋಕದ ಅನ್ಯಾಯಕ್ಕೆ ಕಣ್ಣುಮುಚ್ಚಿದವರಲ್ಲ. 1913ರಲ್ಲಿ ಡಬ್ಲಿನ್ನಿನ ಮಾಲೀಕರು ಕಾರ್ಮಿಕ ಸಂಘವನ್ನು ಮುರಿಯಲೆಂದು ಸುಮಾರು 20,000 ಕಾರ್ಮಿಕರನ್ನು ಕೆಲಸದಿಂದ ಹೊರಗಿಟ್ಟರು. ಸಂಘದ ಸದಸ್ಯರಾಗಿದ್ದ ಮ್ಯಾಟ್ ಕೂಡ ಕೆಲಸ ಬಿಟ್ಟು ಹೊರಗುಳಿದರು. ಸಂಘ ಕೊಟ್ಟ ಪರಿಹಾರದ ಹಣವನ್ನು ಮಕ್ಕಳೊಂದಿಗರಾದ ಜೊತೆಗಾರರಿಗೆ ಹಂಚಿದರು. ಅವರು ಮದುವೆಯಾಗಿರಲಿಲ್ಲ. ತಮ್ಮ ಹಿಂದಿನ ಬದುಕನ್ನೂ ರಾತ್ರಿಯ ಪ್ರಾರ್ಥನೆಯನ್ನೂ ಅವರು ಯಾರ ಮುಂದೆಯೂ ಆಡಿಕೊಳ್ಳುತ್ತಿರಲಿಲ್ಲ. ಡಿಪೋದ ಜನರಿಗೆ ಅವರು ನಗುಮುಖದ, ಮಾತು ಕಡಿಮೆಯಾದ, ಕೆಲಸದಲ್ಲಿ ಪ್ರಾಮಾಣಿಕನಾದ ಒಬ್ಬ ಮುದುಕ, ಅಷ್ಟೆ.

1923ರಿಂದ ಆರೋಗ್ಯ ಕೆಟ್ಟಿತು. ಮೂತ್ರಪಿಂಡ ಮತ್ತು ಹೃದಯದ ಬೇನೆಗಾಗಿ ಮೇಟರ್ ಆಸ್ಪತ್ರೆಯಲ್ಲಿ ಎರಡು ಬಾರಿ ಇರಬೇಕಾಯಿತು. ಸ್ವಲ್ಪ ಚೇತರಿಸಿಕೊಂಡು 1925ರಲ್ಲಿ ಮತ್ತೆ ಡಿಪೋಗೆ ಮರಳಿದರು. ಆ ವರ್ಷದ ಜೂನ್ 7, ಪರಮ ತ್ರಿತ್ವದ ಹಬ್ಬದ ಭಾನುವಾರ, ದೊಮಿನಿಕನರ ದೇವಾಲಯದ ಪೂಜೆಗೆಂದು ಹೋಗುತ್ತಿದ್ದಾಗ ಗ್ರಾನ್ಬಿ ಓಣಿಯಲ್ಲಿ ಕುಸಿದುಬಿದ್ದು ಅಲ್ಲಿಯೇ ಪ್ರಾಣಬಿಟ್ಟರು. ಅವರಿಗೆ ಆಗ ಅರವತ್ತೊಂಬತ್ತು ವರ್ಷ. ಹತ್ತಿರ ಸೇರಿದವರಿಗೆ ಸತ್ತವರು ಯಾರೆಂಬುದೇ ತಿಳಿದಿರಲಿಲ್ಲ. ಶವವನ್ನು ಜರ್ವಿಸ್ ಬೀದಿಯ ಆಸ್ಪತ್ರೆಗೆ ಒಯ್ದು ಬಟ್ಟೆ ಬಿಚ್ಚಿದಾಗ ಮೈಗೆ ಸುತ್ತಿದ್ದ ಸರಪಣಿಗಳೂ ಹಗ್ಗಗಳೂ ಪದಕಗಳೂ ಕಂಡು ಆಸ್ಪತ್ರೆಯವರು ದಿಗ್ಭ್ರಮೆಗೊಂಡರು.

ಈ ಸರಪಣಿಗಳ ವಿಷಯ ಪತ್ರಿಕೆಗಳಿಗೆ ಬಹಳ ರುಚಿಸಿತು. ಇಂದಿಗೂ ಮ್ಯಾಟ್ ಅವರ ಹೆಸರು ಹೇಳಿದೊಡನೆ ಕೆಲವರಿಗೆ ನೆನಪಾಗುವುದು ಅದೊಂದೇ. ಅದರ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಫ್ರಾನ್ಸ್ ದೇಶದ ಸಂತ ಲೂಯಿ ದೆ ಮೊಂಟ್‌ಫೋರ್ಟರು, ಮಾತೆ ಮರಿಯಮ್ಮನವರ ಮೂಲಕ ಯೇಸುಕ್ರಿಸ್ತರಿಗೆ ತನ್ನನ್ನು ಸಂಪೂರ್ಣವಾಗಿ ಒಪ್ಪಿಸಿಕೊಂಡವನು ಅದರ ಗುರುತಾಗಿ ಸಣ್ಣದೊಂದು ಸರಪಣಿ ಧರಿಸುವ ಪದ್ಧತಿಯನ್ನು ಮೆಚ್ಚಿದ್ದರು. ಈ ಸಮರ್ಪಣೆಯನ್ನು ಅವರು ದೀಕ್ಷಾಸ್ನಾನದ ವಾಗ್ದಾನಗಳ ಪರಿಪೂರ್ಣ ನವೀಕರಣವೆಂದೇ ಬೋಧಿಸಿದರು. ಹದಿನಾರರಿಂದ ಇಪ್ಪತ್ತೆಂಟರವರೆಗೆ ಮ್ಯಾಟ್ ಕಣ್ಣಿಗೆ ಕಾಣದ ಸರಪಣಿಯಲ್ಲಿದ್ದರು, ಅದನ್ನು ಅವರು ಆರಿಸಿಕೊಂಡಿರಲಿಲ್ಲ. ಎರಡನೆಯದನ್ನು ತಾವಾಗಿ ತೊಟ್ಟರು, ಯಾರಿಗೂ ತೋರಿಸದೆ. ಪಾಪದ ಗುಲಾಮನಾಗಿದ್ದವನು ಬಿಡುಗಡೆ ಹೊಂದಿ ನೀತಿಯ ದಾಸನಾಗುತ್ತಾನೆಂದು ರೋಮನರ ಪತ್ರದ ಆರನೆಯ ಅಧ್ಯಾಯ ಹೇಳುವುದು ಇದನ್ನೇ.

ಜೂನ್ 11ರಂದು, ಪರಮಪ್ರಸಾದದ ಮಹೋತ್ಸವದ ದಿನ, ಗ್ಲಾಸ್ನೆವಿನ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಿದರು. ಸರ್ ಜೋಸೆಫ್ ಗ್ಲಿನ್ ಅವರು ಮರುವರ್ಷವೇ ಹೊರತಂದ ಚಿಕ್ಕ ಚರಿತ್ರೆ ಅವರ ಹೆಸರನ್ನು ಐರ್ಲೆಂಡಿನ ಹೊರಗೂ ಹರಡಿತು. 1931ರಲ್ಲಿ ಡಬ್ಲಿನ್ ಮಹಾಧರ್ಮಕ್ಷೇತ್ರ ವಿಚಾರಣೆ ಆರಂಭಿಸಿದಾಗ ಅವರ ಸೋದರಿಯರೂ ಜೊತೆಗಾರರೂ ತಾವು ಕಂಡದ್ದನ್ನು ಸಾಕ್ಷಿ ನುಡಿದರು. ಮ್ಯಾಟ್ ತಾವಾಗಿ ಹೇಳದಿದ್ದ ಎಷ್ಟೋ ಸಂಗತಿಗಳು ನಮಗೆ ತಿಳಿದದ್ದು ಹೀಗೆ. 1972ರಲ್ಲಿ ಅವರ ಅವಶೇಷಗಳನ್ನು ಶಾನ್ ಮೆಕ್‌ಡರ್ಮಟ್ ಬೀದಿಯ ಲೂರ್ದು ಮಾತೆಯ ದೇವಾಲಯಕ್ಕೆ ತರಲಾಯಿತು; ಅವರು ಹುಟ್ಟಿ ಬೆಳೆದು ಕುಡಿದು ದುಡಿದ ಕೇರಿಗಳ ನಡುವಿನ ದೇವಾಲಯವದು. 1975ರ ಅಕ್ಟೋಬರ್ 3ರಂದು ಜಗದ್ಗುರು ಆರನೇ ಪೌಲರು ಅವರನ್ನು ಪೂಜ್ಯರೆಂದು ಘೋಷಿಸಿದರು. ಲಿಫ್ಫಿ ನದಿಗೆ 1978ರಲ್ಲಿ ಕಟ್ಟಿದ ಸೇತುವೆಯೊಂದು ಅವರ ಹೆಸರನ್ನು ಹೊತ್ತಿದೆ. ಡಬ್ಲಿನ್ನಿನಿಂದ ಬಹುದೂರ, ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ, ಸಂತ ವಿನ್ಸೆಂಟ್ ದೆ ಪೌಲರ ಸಭೆಯವರು ಮನೆಯಿಲ್ಲದ ಗಂಡಸರಿಗಾಗಿ ನಡೆಸುವ ಒಂದು ವಸತಿಗೃಹಕ್ಕೂ ಅದೇ ಹೆಸರು. ಅಲ್ಲಿಗೆ ಬರುವವರಿಗೆ ಊಟವಿದೆ, ಮಲಗಲು ಹಾಸಿಗೆಯಿದೆ.